ಕುಡಿದೇ ಇಲ್ಲ, ವಿಷ ಏರಿದ್ದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ಗೇರು ಹೂವಿಗೆ ಟೀ ಸೊಳ್ಳೆ ಕೀಟ ಬಿದ್ದಿದೆ ಅಂತ ನನ್ನ ತಮ್ಮ ಪ್ರೊಫೆನೊಫಾಸ್ ಕೀಟನಾಶಕ ಹೊಡೆಯಲು ಹೋಗಿದ್ದ. ಮಧ್ಯಾಹ್ನ ಬಂದವನಿಗೆ ತಲೆನೋವು, ವಾಂತಿ, ಬೆವರು, ಬಾಯಲ್ಲಿ ಜೊಲ್ಲು. ಬಿಸಿಲು ಬಡಿದಿದ್ದು ಅಂತ ಮಜ್ಜಿಗೆ ಕುಡಿಸಿ ಮಲಗಿಸಿದೆವು. ಸಂಜೆ ಉಸಿರು ಕಟ್ಟತೊಡಗಿತು, ಆಸ್ಪತ್ರೆಗೆ ಒಯ್ದೆವು. ಇಂಜೆಕ್ಷನ್ ಕೊಟ್ಟ ಮೇಲೆ ಏನೇನೋ ಬಡಬಡಿಸಿದ. ಮರುದಿನ ಎದ್ದು ಕೂತು ‘ಅಡ್ಡಿಲ್ಲ’ ಅಂದ. ಆದರೂ ನಾಲ್ಕು ದಿನ ಬಿಡಲಿಲ್ಲ. ಬಿಲ್ ಜಾಸ್ತಿ ಮಾಡೋಕಾ? ಅವನು ಔಷಧಿ ಕುಡಿದೇ ಇಲ್ಲ!
– ಒಬ್ಬ ಓದುಗರು, ಅಂಕೋಲಾ

ಉತ್ತರ: ಬಿಲ್ಲಿಗಲ್ಲ. ನಾನಾಗಿದ್ದರೂ ಬಿಡುತ್ತಿರಲಿಲ್ಲ.

ಕುಡಿಯಲೇಬೇಕು ಅಂತಿಲ್ಲ, ಇದು ಚರ್ಮದಿಂದಲೇ ಒಳಗೆ ಹೋಗುತ್ತದೆ. ಮರಕ್ಕೆ ಮೇಲ್ಮುಖವಾಗಿ ಹೊಡೆಯುವಾಗ ಮೈಮೇಲೂ ಬೀಳುತ್ತದಲ್ವಾ, ಆ ನೆನೆದ ಅಂಗಿಯಲ್ಲೇ ಮಧ್ಯಾಹ್ನದವರೆಗೆ ಇದ್ದರೆ ಸಾಕು. ನರಗಳು ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತವೆ, ಕೆಲಸ ಮುಗಿದ ಕೂಡಲೇ ಅದನ್ನು ಒಡೆಯಲು ಒಂದು ಕಿಣ್ವ ಇದೆ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಜಾತಿಯವು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ಕಣ್ಣು, ಮೂಗು, ಬಾಯಿ, ಹೊಟ್ಟೆ ಎಲ್ಲ ಸುರಿಯತೊಡಗುತ್ತವೆ, ಮಾಂಸಖಂಡ ಅದುರುತ್ತದೆ, ಎದೆಯಲ್ಲಿ ಕಫ ತುಂಬುತ್ತದೆ. ಜೀವ ಹೋಗುವುದು ಹೆಚ್ಚಾಗಿ ಉಸಿರು ಸೋತು. ಬಿಸಿಲು ಬಡಿದವನ ಬಾಯಿ ಒಣಗಿರುತ್ತದೆ. ಜೊಲ್ಲು, ಜತೆಗೆ ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ ಕಂಡರೆ ಮಜ್ಜಿಗೆ ಹುಡುಕಬೇಡಿ. ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ಔಷಧಿ ಬಾಟಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ತೊಳೆಯುವವರು ಕೈಗೆ ಗ್ಲೌಸ್ ಹಾಕಿರಲಿ.

ಬಡಬಡಿಸಿದ್ದು ಬಹುಶಃ ಆ ಇಂಜೆಕ್ಷನ್, ಅಂದರೆ ಅಟ್ರೋಪಿನ್‌ನಿಂದ. ಎದೆಯ ಕಫ ಒಣಗುವವರೆಗೆ ಅದನ್ನು ಕೊಡಲೇಬೇಕು, ಸ್ವಲ್ಪ ಹೆಚ್ಚಾದರೆ ಮನುಷ್ಯ ಗೋಡೆ ಜತೆ ಮಾತಾಡುತ್ತಾನೆ. ಆಮೇಲೆ ಇಳಿಯುತ್ತದೆ.

ಇನ್ನು ನಾಲ್ಕು ದಿನದ ವಿಷಯ. ವಿಷ ಏರಿದ 24ರಿಂದ 96 ಗಂಟೆಯೊಳಗೆ, ಆರಾಮಾದ ಅಂದುಕೊಂಡವನಿಗೇ ಕೆಲವೊಮ್ಮೆ ಕುತ್ತಿಗೆ ಸೋಲುತ್ತದೆ. ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ, ಹಿಂದೆಯೇ ಉಸಿರಾಟವೂ ಸೋಲುತ್ತದೆ. ಇದಕ್ಕೆ ಅಟ್ರೋಪಿನ್ ನಾಟುವುದಿಲ್ಲ, ವೆಂಟಿಲೇಟರ್ ಬೇಕು. ನಿಮ್ಮ ಮನೆಯಲ್ಲಿ ರಾತ್ರಿ ಹೀಗಾಗಿದ್ದರೆ?

ಶಿರಸಿ ಕಡೆ ಮರ ಹತ್ತುವ ಕೊನೆಗೌಡರು ಅಡಿಕೆಗೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದು ನೀಲಿಯಾಗಿ ಇಳಿಯುತ್ತಾರೆ, ಏನೂ ಆಗುವುದಿಲ್ಲ ಅಂತ ನೀವು ಕೇಳಬಹುದು. ಅದು ಕಣ್ಣು, ಚರ್ಮ ಉರಿಸುತ್ತದೆ, ಆದರೆ ಈ ಕಿಣ್ವದ ತಂಟೆಗೆ ಹೋಗುವುದಿಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಎರಡು-ಮೂರು ವಾರದಲ್ಲಿ ತಮ್ಮನಿಗೆ ಪಾದ ಜುಮ್ಮೆಂದರೆ, ನಡಿಗೆ ತಪ್ಪಿದರೆ ಮತ್ತೆ ತೋರಿಸಿ. ಅಂದ ಹಾಗೆ, ಆ ದಿನದ ಅಂಗಿ ಇನ್ನೂ ಬಚ್ಚಲಲ್ಲೇ ಬಿದ್ದಿದೆಯಾ? ಮಕ್ಕಳ ಬಟ್ಟೆ ಜತೆ ನೆನೆಸಬೇಡಿ.