ಶಾಲೆಯವರು ಫಿಲ್ಟರ್ ಹಾಕಿದ್ದಾರೆ, ಮಗಳ ಇಂಟರ್ನೆಟ್ ಬಗ್ಗೆ ನಾನು ಇನ್ನೂ ಯೋಚಿಸಬೇಕಾ?

ನಿಮ್ಮ ಮಗಳಿಗೆ 11 ವರ್ಷ, ಈ ವರ್ಷದಿಂದ ಶಾಲೆಯಲ್ಲಿ ಟ್ಯಾಬ್ ಕೊಟ್ಟಿದ್ದಾರೆ, ಫಿಲ್ಟರ್ ಇದೆ ಚಿಂತೆ ಬೇಡ ಅಂದಿದ್ದಾರೆ, ಆದರೂ ನಿಮಗೆ ಸಮಾಧಾನ ಇಲ್ಲ. ಮನೆಯಲ್ಲಿ ನಾವು ಏನಾದರೂ ಮಾಡಬೇಕಾ ಅಂತ ಕೇಳಿದ್ದೀರಿ. ಮಾಡಬೇಕು. ನಾನು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ, ಲ್ಯಾಬ್ ನೋಡಿಕೊಳ್ಳುವುದೂ ನನ್ನದೇ ಕೆಲಸ, ಹಾಗಾಗಿ ಕಣ್ಣಾರೆ ಕಂಡದ್ದನ್ನೇ ಜಾಸ್ತಿ ಬರೆಯುತ್ತೇನೆ.

ಮೊದಲು ಫಿಲ್ಟರ್ ವಿಷಯ. ಮಗು ಒಂದು ಸೈಟ್ ತೆರೆಯಲು ಹೋದಾಗ ಶಾಲೆಯ ನೆಟ್‌ವರ್ಕ್ ಆ ಸೈಟಿನ ಹೆಸರನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಬೇಡದವುಗಳ ಪಟ್ಟಿಯಲ್ಲಿದ್ದರೆ ತಡೆಯುತ್ತದೆ. ಅಶ್ಲೀಲ ಸೈಟು, ಜೂಜಿನ ಸೈಟು ಇಂಥವೆಲ್ಲ ಬಹುಪಾಲು ಇದರಿಂದಲೇ ನಿಲ್ಲುತ್ತವೆ, ಅದು ಬೇಕೇ ಬೇಕು. ಆದರೆ ಒಳಗೆ ಬಿಟ್ಟ ಸೈಟಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಏನು ಬರೆದುಕೊಳ್ಳುತ್ತಾರೆ ಅನ್ನುವುದು ಸಾಮಾನ್ಯವಾಗಿ ಅದಕ್ಕೆ ಗೊತ್ತಾಗುವುದಿಲ್ಲ.

ಒಮ್ಮೆ ಆರು ಮಕ್ಕಳ ಗುಂಪಿಗೆ ಜಲಚಕ್ರದ ಬಗ್ಗೆ ಒಂದೇ ಡಾಕ್ಯುಮೆಂಟ್‌ನಲ್ಲಿ ಸೇರಿ ಬರೆಯಲು ಕೊಟ್ಟಿದ್ದೆ. ಬರೆದದ್ದು ಒಂದೂವರೆ ಪುಟ, ಡಾಕ್ಯುಮೆಂಟ್ ನಾಲ್ಕು ಪುಟ ತೋರಿಸುತ್ತಿತ್ತು. ಕೆಳಗೆಲ್ಲ ಖಾಲಿ. ಸುಮ್ನೆ ಎಂಟರ್ ಒತ್ತುತ್ತಾ ಹೋಗಿರಬೇಕು ಅಂದುಕೊಂಡೆ. ಅಳಿಸೋಣ ಅಂತ ಮೌಸ್ ಎಳೆದು ಸೆಲೆಕ್ಟ್ ಮಾಡಿದರೆ ಆ ಖಾಲಿ ಜಾಗದಲ್ಲಿ ಸಾಲು ಸಾಲಾಗಿ ನೀಲಿ ಪಟ್ಟಿ ಮೂಡಿತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ. ತರಗತಿಯ ಒಬ್ಬ ಹುಡುಗಿಯ ನಡಿಗೆ, ಮಾತು, ಕೂದಲು, ಎಲ್ಲದರ ಬಗ್ಗೆ ಹಂಗಿಸಿ ಬರೆದ ಮಾತುಗಳು, ಅದೂ ಒಂದು ದಿನದ್ದಲ್ಲ. ಆ ಹುಡುಗಿ ಅದೇ ಗುಂಪಿನಲ್ಲಿದ್ದಳು. ಅವಳು ಎಲ್ಲವನ್ನೂ ಓದಿದ್ದಳು. ಯಾರಿಗೂ ಹೇಳಿರಲಿಲ್ಲ. ಫಿಲ್ಟರ್ ಲೆಕ್ಕದಲ್ಲಿ ಅಲ್ಲಿ ನಡೆದದ್ದು ಬರೀ ಪಾಠದ ಕೆಲಸ.

ಯಾರು ಯಾವಾಗ ಏನು ಬರೆದರು ಅನ್ನುವುದು ಎಡಿಟ್ ಹಿಸ್ಟರಿಯಲ್ಲಿ ಸಿಗುತ್ತದೆ. ಅದನ್ನು ಆ ಮಕ್ಕಳ ಎದುರೇ ತೆರೆದು ತೋರಿಸಿದೆ. ಒಬ್ಬ ಹುಡುಗ ತುಂಬಾ ಹೊತ್ತು ನೋಡಿ ಕೇಳಿದ: 'ಸರ್, ಅಳಿಸಿದ್ದೂ ಹಾಗೇ ಇರುತ್ತಾ?' ಅವರಿಗೆ ಅದು ನಿಜವಾಗಿಯೂ ಗೊತ್ತಿರಲಿಲ್ಲ. ಆಮೇಲೆ ಪ್ರತಿ ವರ್ಷ ನನ್ನ ಮೊದಲ ಪಾಠ ಇದೇ. ಒಂದು ಸಾಲು ಬರೆಸುತ್ತೇನೆ, ಅಳಿಸಲು ಹೇಳುತ್ತೇನೆ, ಹಿಸ್ಟರಿಯಿಂದ ಮತ್ತೆ ತೆಗೆದು ತೋರಿಸುತ್ತೇನೆ. ಇನ್‌ಕಾಗ್ನಿಟೋ, ಅಂದರೆ ಬ್ರೌಸರ್‌ನ ಖಾಸಗಿ ಕಿಟಕಿ, ಅದರ ವಿಷಯವೂ ಹಾಗೇ. ಅದರಲ್ಲಿ ನೋಡಿದರೆ ಯಾರಿಗೂ ಗೊತ್ತಾಗಲ್ಲ ಅಂತ ಮಕ್ಕಳು ನಂಬಿರುತ್ತಾರೆ. ಅದು ಆ ಸಾಧನದಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಯಾವ ಸೈಟಿಗೆ ಹೋದರು ಅನ್ನುವುದು ನೆಟ್‌ವರ್ಕ್ ನಡೆಸುವವರಿಗೆ ಕಾಣುತ್ತದೆ.

ಈಗ ನಾನು ಮುಖ್ಯ ಅಂದುಕೊಂಡಿರುವ ಮಾತಿಗೆ ಬರುತ್ತೇನೆ. ಲ್ಯಾಬಿನಲ್ಲಿ ನಾನು ಹತ್ತಿರ ಹೋದಾಗಲೆಲ್ಲ ಒಬ್ಬ ಹುಡುಗ ಮಾನಿಟರ್ ಬಟನ್ ಒತ್ತಿ ಪರದೆ ಆರಿಸಿಬಿಡುತ್ತಿದ್ದ. ಸಿಪಿಯು ಫ್ಯಾನ್ ಸದ್ದು ಹಾಗೇ ಬರುತ್ತಿತ್ತು. ಎರಡು ದಿನ ನೋಡಿದೆ, ಮೂರನೇ ದಿನ ಎಲ್ಲರ ಎದುರೇ ಗದರಿದೆ. ಮಾನಿಟರ್ ಆನ್ ಮಾಡಿಸಿದರೆ ಪರದೆ ತುಂಬ ಕೆಂಪು ಬಣ್ಣದ ಎಚ್ಚರಿಕೆ: ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ. ಅದು ಶುದ್ಧ ಮೋಸದ ಪುಟ. ಮುಚ್ಚಿದರೆ ಮುಗಿಯಿತು. ಆದರೆ ಆ ಹುಡುಗ ಶಾಲೆಯ ಕಂಪ್ಯೂಟರನ್ನು ತಾನೇ ಹಾಳು ಮಾಡಿದೆ ಅಂತ ಮೂರು ದಿನ ಹೆದರಿಕೊಂಡು ಕೂತಿದ್ದ. ಬಂದು ಹೇಳಿದರೆ ಬೈಯುತ್ತಾರೆ ಅಂತ ಅವನು ಅಂದುಕೊಂಡಿದ್ದ. ನಾನು ಮಾಡಿದ್ದೂ ಅದನ್ನೇ. ಅದನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಅವನದು ಬರೀ ಮೋಸದ ಪುಟ. ಅದರ ಜಾಗದಲ್ಲಿ ಫೋಟೋ ಕಳಿಸು ಅಂತ ಒತ್ತಾಯಿಸುವ ಅಪರಿಚಿತ ಇದ್ದಿದ್ದರೆ? ಮಕ್ಕಳು ಬಾಯಿ ಬಿಡದೆ ಇರುವುದಕ್ಕೆ ದೊಡ್ಡ ಕಾರಣ ನಾಚಿಕೆ, ಅದರ ಜೊತೆಗೇ ಟ್ಯಾಬ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ಅದಕ್ಕೆ ನಿಮ್ಮ ಮಗಳಿಗೆ ಇವತ್ತೇ ಒಂದು ಮಾತು ಕೊಡಿ: ಏನೇ ಆಗಿದ್ದರೂ, ತಪ್ಪು ನಿನ್ನದೇ ಆಗಿದ್ದರೂ, ಬಂದು ಹೇಳಿದ್ದಕ್ಕೆ ಟ್ಯಾಬ್ ಕಿತ್ತುಕೊಳ್ಳುವುದಿಲ್ಲ. ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು, ಕಷ್ಟ ಇರುವುದು ಅಲ್ಲೇ. ಮೊದಲ ಸಲ ಬಂದು ಹೇಳಿದಾಗ ನಿಮ್ಮ ಮುಖ ಹೇಗಿತ್ತು ಅನ್ನುವುದನ್ನು ಅವಳು ನೆನಪಿಟ್ಟುಕೊಳ್ಳುತ್ತಾಳೆ. ಅದರ ಮೇಲೆ ಎರಡನೇ ಸಲ ಬರಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತಾಳೆ.

ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದಾರೆ ಅಂತಾದರೆ ದುಡ್ಡು ಕೊಡಬೇಡಿ, ಇನ್ನೊಂದು ಫೋಟೋ ಕಳಿಸಿ ಸಮಾಧಾನ ಮಾಡೋಣ ಅಂತಲೂ ಹೋಗಬೇಡಿ, ಯಾಕೆಂದರೆ ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಚಾಟ್ ಅಳಿಸಬೇಡಿ, ಅದು ಸಾಕ್ಷಿ. ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ, ಪೊಲೀಸರಿಗೆ ತಿಳಿಸಿ. ಮಗುವಿನ ಅಂಥ ಚಿತ್ರವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಸಾಕ್ಷಿಗೆ ಅಂತಲೂ ಬೇಡ. ಟೇಕ್ ಇಟ್ ಡೌನ್ ಅನ್ನುವ ಉಚಿತ ಸೇವೆ ಇದೆ. ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ ಅದನ್ನು ನಡೆಸುತ್ತದೆ. 18 ತುಂಬುವ ಮೊದಲು ತೆಗೆದ ಚಿತ್ರಗಳಿಗೆ ಅದು. ಚಿತ್ರವನ್ನು ಅಲ್ಲಿಗೆ ಕಳಿಸಬೇಕಾಗಿಲ್ಲ. ನಿಮ್ಮ ಸಾಧನದಲ್ಲೇ ಆ ಚಿತ್ರಕ್ಕೆ ಒಂದು ಗುರುತಿನ ಸಂಖ್ಯೆ ತಯಾರಾಗುತ್ತದೆ, ಆ ಸಂಖ್ಯೆ ಮಾತ್ರ ಹೋಗುತ್ತದೆ. ಇದರಲ್ಲಿ ಸೇರಿರುವ ಕಂಪನಿಗಳು ಅದಕ್ಕೆ ಹೊಂದುವ ಚಿತ್ರವನ್ನು ತಮ್ಮ ವೇದಿಕೆಯಲ್ಲಿ ಹುಡುಕಿ ತೆಗೆಯುತ್ತವೆ.

ಪಾಸ್‌ವರ್ಡ್ ಬಗ್ಗೆ ಜಾಸ್ತಿ ಬರೆಯಲ್ಲ. ಉದ್ದ ಇರಲಿ, ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿದರೂ ಆಯಿತು, ಒಂದೊಂದು ಖಾತೆಗೆ ಒಂದೊಂದು. ಈ ವಯಸ್ಸಿನಲ್ಲಿ ಹೊರಗಿನ ಹ್ಯಾಕರ್‌ಗಿಂತ ಪಕ್ಕದ ಬೆಂಚಿನ ಗೆಳತಿಯಿಂದಲೇ ತೊಂದರೆ ಜಾಸ್ತಿ. ಪಾಸ್‌ವರ್ಡ್ ಹೇಳುವುದು ಸ್ನೇಹದ ಗುರುತು ಅಂತ ಮಕ್ಕಳು ನಂಬುತ್ತಾರೆ, ಜಗಳವಾದ ದಿನ ಅದೇ ಪಾಸ್‌ವರ್ಡ್‌ನಿಂದ ಅವಳ ಹೆಸರಿನಲ್ಲಿ ಯಾರೋ ಏನೋ ಬರೆದಿರುತ್ತಾರೆ. ಫೋಟೋ ವಿಷಯದಲ್ಲಿ ಎರಡು ನೋಡಿ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಎಲ್ಲಿ ತೆಗೆದದ್ದು ಅನ್ನುವುದು ಚಿತ್ರದ ಫೈಲಿನೊಳಗೇ ಸೇರಿಕೊಳ್ಳುತ್ತದೆ, ಅದನ್ನು ಆಫ್ ಮಾಡಿ. ಇನ್ನೊಂದು, ಬೇರೆಯವರ ಫೋಟೋ ಹಾಕುವ ಮೊದಲು ಅವರನ್ನು ಕೇಳಬೇಕು. ಇದನ್ನು ನಾವು ದೊಡ್ಡವರೇ ಮಾಡುವುದಿಲ್ಲ, ಅಲ್ವಾ? ಮಗಳ ಫೋಟೋ ಹಾಕುವ ಮೊದಲು ನೀವು ಅವಳನ್ನು ಕೇಳಿ. ನಾಲ್ಕು ಸಲ ಕೇಳಿದರೆ ಅವಳೂ ಗೆಳತಿಯರನ್ನು ಕೇಳುತ್ತಾಳೆ, ಬೇರೆ ಪಾಠವೇ ಬೇಕಾಗಿಲ್ಲ.

13 ವರ್ಷದ ನಿಯಮ ಎಲ್ಲಿಂದ ಬಂತು ಅಂತ ಪೋಷಕರು ಕೇಳುತ್ತಿರುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಮಾಡಿದ ಒಂದು ಕಾನೂನು, 13 ತುಂಬದ ಮಕ್ಕಳ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು ಅಂದಿತು, ಕಂಪನಿಗಳು ಅದನ್ನೇ ಲೋಕಕ್ಕೆಲ್ಲ ಮಿತಿ ಮಾಡಿಕೊಂಡವು. ಅದು ಮಾಹಿತಿಯ ಲೆಕ್ಕ. 13 ಆದ ತಕ್ಷಣ ಮಗುವಿಗೆ ತಿಳುವಳಿಕೆ ಬಂತು ಅಂತ ಅದು ಹೇಳುವುದಿಲ್ಲ. ಆಸ್ಟ್ರೇಲಿಯಾ 2025ರ ಡಿಸೆಂಬರ್‌ನಿಂದ ಸೋಷಿಯಲ್ ಮೀಡಿಯಾ ಖಾತೆಗೆ 16 ವರ್ಷ ಅಂತ ಮಾಡಿದೆ. ನಿಮ್ಮ ಮಗಳಿಗೆ 11. ಹುಟ್ಟಿದ ವರ್ಷ ಸುಳ್ಳು ಹಾಕಿ ಖಾತೆ ತೆರೆದುಕೊಡಬೇಡಿ. ಆ ಕಡೆ ಅವಳು ದೊಡ್ಡವಳು ಅಂತಲೇ ಲೆಕ್ಕವಾಗುತ್ತದೆ, ದೊಡ್ಡವರ ಜಾಹೀರಾತು, ದೊಡ್ಡವರ ಮೆಸೇಜು ಎಲ್ಲ ಬರುತ್ತವೆ.

ನೆಟ್‌ನಲ್ಲಿ ಓದಿದ್ದನ್ನು ನಂಬುವ ವಿಷಯ ನನಗೆ ತುಂಬಾ ಮುಖ್ಯ. ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ ಒಂದು ಸೈಟ್ ಇದೆ, 1998ರಿಂದ ಇದೆ, ಪೂರ್ತಿ ಕಟ್ಟುಕತೆ. ಚಿತ್ರ, ಹೆಸರು, ಅಳಿವಿನಂಚಿನಲ್ಲಿದೆ ಉಳಿಸಿ ಅನ್ನುವ ಮನವಿ ಎಲ್ಲ ಇದೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು 2006ರ ಸುಮಾರಿಗೆ 7ನೇ ತರಗತಿಯ 25 ಮಕ್ಕಳಿಗೆ ಅದನ್ನು ಕೊಟ್ಟರು, ಅದೂ ನೆಟ್‌ನಲ್ಲಿ ಚೆನ್ನಾಗಿ ಓದಬಲ್ಲವರು ಅಂತ ಆರಿಸಿದ ಮಕ್ಕಳಿಗೆ. ಬಹುತೇಕ ಎಲ್ಲರೂ ನಂಬಿದರು. ಸುಳ್ಳು ಅಂತ ಹೇಳಿದ ಮೇಲೂ ಕೆಲವರು ಒಪ್ಪಲಿಲ್ಲ. ನಾನು ನನ್ನ ತರಗತಿಯ ಮಕ್ಕಳಿಗೂ ಕೊಟ್ಟು ನೋಡಿದೆ. ಸೈಟ್ ಚೆನ್ನಾಗಿದೆ, ಕಾಗುಣಿತ ತಪ್ಪಿಲ್ಲ, ಹಾಗಾಗಿ ನಿಜ ಅಂದರು. ಅದೇ ಪುಟವನ್ನು ಎಷ್ಟು ಸಲ ಓದಿದರೂ ಸತ್ಯ ಸಿಗುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಸುದ್ದಿ ಪರಿಶೀಲಿಸುವ ವೃತ್ತಿಯವರನ್ನು ಗಮನಿಸಿದಾಗ ಕಂಡದ್ದು ಇದೇ. ಅವರು ಪುಟವನ್ನು ಪೂರ್ತಿ ಓದುತ್ತಾ ಕೂರದೆ ಬೇಗ ಆಚೆ ಬಂದು, ಬ್ರೌಸರ್‌ನಲ್ಲಿ ಇನ್ನೊಂದು ಪುಟ ತೆರೆದು, ಈ ಸೈಟಿನ ಬಗ್ಗೆ ಉಳಿದವರು ಏನು ಹೇಳುತ್ತಾರೆ ಅಂತ ಹುಡುಕುತ್ತಾರೆ. 11 ವರ್ಷದ ಮಗು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತದೆ. ಎಐ ಚಾಟ್‌ಬಾಟ್ ಕೊಟ್ಟ ಉತ್ತರಕ್ಕೂ ಇದನ್ನೇ ಮಾಡಿಸಿ, ಯಾಕೆಂದರೆ ಅದು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ತನ್ನ ಪೂರ್ತಿ ಹೆಸರು, ಶಾಲೆ, ಮನೆಯ ವಿಷಯ ಅದಕ್ಕೆ ಬರೆಯಬಾರದು ಅಂತಲೂ ಹೇಳಿ.

ಕೊನೆಗೆ ಶಾಲೆಯವರನ್ನು ಏನು ಕೇಳಬೇಕು ಅನ್ನುವುದು. ಜಗಳಕ್ಕೆ ಹೋಗಬೇಡಿ, ಸಮಾಧಾನವಾಗಿ ಕೇಳಿ, ಕೇಳಿದ್ದಕ್ಕೆ ಒಳ್ಳೆಯ ಶಾಲೆ ಬೇಸರಪಡುವುದಿಲ್ಲ. ಟ್ಯಾಬ್ ಮನೆಗೆ ತಂದರೆ ಫಿಲ್ಟರ್ ಇಲ್ಲೂ ಕೆಲಸ ಮಾಡುತ್ತಾ, ಇಲ್ಲ ಶಾಲೆಯ ವೈಫೈಯಲ್ಲಿ ಮಾತ್ರವಾ? ಯಾವ ಯಾವ ಆಪ್ ಹಾಕಿದ್ದೀರಿ, ಅವು ಮಕ್ಕಳ ಯಾವ ಮಾಹಿತಿ ತೆಗೆದುಕೊಳ್ಳುತ್ತವೆ? ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ ಕಲಿಕೆಯ ಆಪ್ ಮತ್ತು ಸೈಟುಗಳನ್ನು ಹ್ಯೂಮನ್ ರೈಟ್ಸ್ ವಾಚ್ ಅನ್ನುವ ಮಾನವ ಹಕ್ಕುಗಳ ಸಂಸ್ಥೆ ಪರೀಕ್ಷೆ ಮಾಡಿ 2022ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ 100ಕ್ಕೆ 89ರಷ್ಟು ಆಪ್ ಮತ್ತು ಸೈಟುಗಳು ಮಕ್ಕಳ ಮಾಹಿತಿಯನ್ನು ಬಳಸುವ ರೀತಿ ಅವರ ಹಕ್ಕಿಗೆ ಧಕ್ಕೆ ತರುವಂತಿದೆ ಅಂತ ಅದರಲ್ಲಿತ್ತು. ಅವೆಲ್ಲ ಓದಿನ ಆಪ್‌ಗಳು, ಆಟದ್ದಲ್ಲ.

ಇನ್ನೊಂದು ಪ್ರಶ್ನೆ ಮರೆಯಬೇಡಿ. ಟ್ಯಾಬಿನಲ್ಲಿ ಏನಾದರೂ ಕೆಟ್ಟದ್ದು ಕಂಡರೆ, ಯಾರಾದರೂ ಹಂಗಿಸಿದರೆ, ಮಗು ಶಾಲೆಯಲ್ಲಿ ಯಾರ ಹತ್ತಿರ ಹೋಗಬೇಕು? 'ಯಾರ ಹತ್ತಿರ ಬೇಕಾದರೂ' ಅಂದರೆ ಒಪ್ಪಬೇಡಿ, ಒಬ್ಬರ ಹೆಸರು ಕೇಳಿ. ಸಂಜೆ ಮಗಳು ಮನೆಗೆ ಬಂದ ಮೇಲೆ, ಆ ಹೆಸರು ಅವಳಿಗೂ ಗೊತ್ತಿದೆಯಾ, ಅವರ ಹತ್ತಿರ ಹೋಗಲು ಅವಳಿಗೆ ಭಯ ಇಲ್ಲವಾ ಅಂತ ಕೇಳಿ ನೋಡಿ.