ಪ್ರತಿ: ಪ್ಯಾರ್ಟ್ ಶೈಲಿಯ ಎರಡನೇ ದನಿ ಯಾಕೆ ಸಪ್ಪೆಯಾಗುತ್ತೆ?

ನಿಮ್ಮ ಹಾಡಿನ ರಚನೆಯಲ್ಲಿ ಎರಡು ದನಿಗಳನ್ನೂ ಉದ್ದಕ್ಕೂ ಮೂರನೇ ಸ್ವರದ ಅಂತರದಲ್ಲೇ (ಎ ಜೊತೆ ಸಿ, ಬಿ ಜೊತೆ ಡಿ, ಹೀಗೆ) ಜೊತೆಯಾಗಿ ನಡೆಸಿದ್ದೀರಿ ಅಂತ ಬರೆದಿದ್ದೀರಲ್ಲ, ಸಪ್ಪೆಯಾಗಿದ್ದು ಅದರಿಂದಲೇ. ಎಸ್ಟೋನಿಯಾದ ಸಂಗೀತ ರಚನಕಾರ ಆರ್ವೋ ಪ್ಯಾರ್ಟ್ 1976ರಲ್ಲಿ ಕಂಡುಕೊಂಡ ಟಿಂಟಿನಾಬುಲಿ (ಲ್ಯಾಟಿನ್ ಭಾಷೆಯಲ್ಲಿ ಸಣ್ಣ ಗಂಟೆ ಅನ್ನೋ ಪದದಿಂದ ಬಂದ ಹೆಸರು) ಪದ್ಧತಿಯಲ್ಲಿ ಒಂದು ದನಿ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತೆ, ಇನ್ನೊಂದು ಮೂಲ ತ್ರಿಸ್ವರದ (ಒಂದು ಬಿಟ್ಟು ಒಂದರಂತೆ ಆಯ್ದ ಮೂರು ಸ್ವರಗಳ ಗುಂಪು) ಸ್ವರಗಳನ್ನು ಬಿಟ್ಟು ಆಚೀಚೆ ಹೋಗೋದೇ ಇಲ್ಲ.

ನಿಮ್ಮ ರಚನೆಯ ಎ ಮೈನರ್‌ನಲ್ಲೇ ನೋಡಿ. ತ್ರಿಸ್ವರ ಎ, ಸಿ, ಇ. ರಾಗದ ಪ್ರತಿ ಸ್ವರಕ್ಕೂ ಅದರ ಮೇಲಿನ ಹತ್ತಿರದ ತ್ರಿಸ್ವರದ ಸ್ವರ ಅಂತ ನಿಯಮ ಇಟ್ಟುಕೊಂಡರೆ, ರಾಗ ಎ-ಬಿ-ಸಿ-ಡಿ-ಇ ಹತ್ತುವಾಗ ಜೊತೆದನಿ ಸಿ-ಸಿ-ಇ-ಇ-ಎ. ಬಿ ಮೇಲೆ ಸಿ ಬಂದಾಗ ಅರ್ಧ ಸ್ವರದ ತಿಕ್ಕಾಟ. ಅದನ್ನು ತಪ್ಪು ಅಂತ ತಿದ್ದಬೇಡಿ, ಗಂಟೆಯ ನಾದ ಹುಟ್ಟೋದೇ ಅಲ್ಲಿ. ನಿಯಮವನ್ನು ಸಾಲಿನ ನಡುವೆ ಮನಸ್ಸಿಗೆ ಬಂದಂತೆ ಬದಲಿಸಬೇಡಿ. ಜಿ ಶಾರ್ಪ್ (ಎ ಸ್ವರಕ್ಕಿಂತ ಅರ್ಧ ಸ್ವರ ಕೆಳಗಿನದು) ಅಂತೂ ಬೇಡವೇ ಬೇಡ, ಒಂದೇ ಒಂದು ಬಂದರೂ ಕಿವಿ ಮಾಮೂಲಿ ಮುಕ್ತಾಯಕ್ಕೆ ಕಾಯತೊಡಗುತ್ತೆ.

ಸಾಹಿತ್ಯಕ್ಕೆ ಸ್ವರ ಹೊಂದಿಸಲು ಪ್ಯಾರ್ಟ್ ಅವರ 1977ರ ಕ್ರೈಸ್ತ ಪೂಜಾಗೀತೆ 'ಮಿಸ್ಸಾ ಸಿಲ್ಲಾಬಿಕಾ' ನೋಡಿ. ಪದದಲ್ಲಿ ಎಷ್ಟು ಉಚ್ಚಾರಾಂಶವೋ ಅಷ್ಟೇ ಸ್ವರ. ಕೇಂದ್ರ ಸ್ವರದಿಂದ ಹೊರಡಬೇಕು, ಇಲ್ಲವೇ ಅಲ್ಲಿಗೆ ಬಂದು ಸೇರಬೇಕು. ಅದರಲ್ಲಿ ಬರುವ 'ಎಲೇಇಸೋನ್' (ಕರುಣಿಸು ಅನ್ನೋ ಗ್ರೀಕ್ ಪದ) ನಾಲ್ಕು ಉಚ್ಚಾರಾಂಶ. ಎ ಕೇಂದ್ರವಾದರೆ ಕೆಳಗಿನಿಂದ ಇ-ಎಫ್-ಜಿ-ಎ.

ಹಾಡುವವರಿಗೂ ಒಂದು ಮಾತು ಹೇಳಿಡಿ: ದನಿಯ ಕಂಪನ (ವೈಬ್ರಾಟೊ) ಕಡಿಮೆ ಇರಲಿ. ದನಿ ಅಲುಗಿದರೆ ಆ ಬಿ-ಸಿ ತಿಕ್ಕಾಟ ಬರೀ ಅಪಸ್ವರದಂತೆ ಕೇಳುತ್ತೆ.