ಲ್ಯಾನ್ ಕೇಬಲ್ ಹಾಕಿದ ಕೂಡಲೇ ವೈಫೈ ಇಂಟರ್ನೆಟ್ ಯಾಕೆ ನಿಲ್ಲುತ್ತದೆ?

ಮೊದಲು ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಗದಗದಲ್ಲಿ ನಿಮ್ಮ ಪ್ರಿಂಟಿಂಗ್ ಪ್ರೆಸ್ ಇದೆ. ಡಿಸೈನ್ ಮಾಡುವ ಕಂಪ್ಯೂಟರ್‌ಗೆ ಎರಡು ನೆಟ್‌ವರ್ಕ್. ಇಂಟರ್ನೆಟ್ ಬರುವುದು ವೈಫೈನಲ್ಲಿ, ಮೇಲಿನ ಮಹಡಿಯ ಫೈಬರ್ ರೂಟರ್‌ನಿಂದ. ಸಿಟಿಪಿ ಮೆಷಿನ್ನಿನ (ಫೈಲ್‌ನಿಂದ ನೇರವಾಗಿ ಪ್ರಿಂಟಿಂಗ್ ಪ್ಲೇಟ್ ಮಾಡುವ ಮೆಷಿನ್) ಕಂಪ್ಯೂಟರ್‌ಗೆ ಫೈಲ್ ಕಳಿಸುವುದು ಲ್ಯಾನ್ ಕೇಬಲ್‌ನಲ್ಲಿ, ನಡುವೆ ಒಂದು ಹಳೇ ರೂಟರ್ ಸ್ವಿಚ್ ಥರ, ಅಂದರೆ ಬರೀ ಕೇಬಲ್‌ಗಳನ್ನು ಜೋಡಿಸುವ ಡಬ್ಬಿ ಥರ, ಕೂತಿದೆ. ಕೇಬಲ್ ಹಾಕಿದರೆ ಮೆಷಿನ್ ಸಿಗುತ್ತದೆ, ಇಂಟರ್ನೆಟ್ ಹೋಗುತ್ತದೆ. ಕಿತ್ತರೆ ಇಂಟರ್ನೆಟ್ ಬರುತ್ತದೆ, ಮೆಷಿನ್ ಹೋಗುತ್ತದೆ. ಅದರಲ್ಲೂ ವಿಚಿತ್ರ ಅಂದರೆ ಯೂಟ್ಯೂಬ್ ಮಾತ್ರ ಆರಾಮಾಗಿ ಓಡುತ್ತದೆ, ಗಿರಾಕಿಗಳು ಫೈಲ್ ಹಾಕುವ ಸೈಟ್ ತೆರೆಯುವುದಿಲ್ಲ. ವಿಂಡೋಸ್ ಫಾರ್ಮ್ಯಾಟ್ ಮಾಡಿಸಿದರೂ ಹಾಗೇ ಇದೆ ಅಂತ ಬರೆದಿದ್ದೀರಿ.

ಫಾರ್ಮ್ಯಾಟ್ ಮಾಡಿಸಿದ್ದು ಸುಮ್ನೆ ದಂಡ. ನಿಮ್ಮ ವಿಂಡೋಸ್ ಕೆಟ್ಟಿಲ್ಲ, ವೈಫೈ ಕಾರ್ಡೂ ಕೆಟ್ಟಿಲ್ಲ. ಆ ಹಳೇ ರೂಟರ್ "ಇಂಟರ್ನೆಟ್ ದಾರಿ ನನ್ನ ಹತ್ತಿರ ಇದೆ" ಎಂದು ಸುಳ್ಳು ಹೇಳುತ್ತಿದೆ, ನಿಮ್ಮ ಕಂಪ್ಯೂಟರ್ ನಂಬುತ್ತಿದೆ. ಅಷ್ಟೇ.

ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ತಾರಿಹಾಳದ ಫ್ಯಾಕ್ಟರಿಗಳಲ್ಲಿ ಮೆಷಿನ್ನಿಗೊಂದು ಕೇಬಲ್, ಇಂಟರ್ನೆಟ್‌ಗೊಂದು ವೈಫೈ; ಅಮರಗೋಳದ ಎಪಿಎಂಸಿ ದಲಾಲಿ ಅಂಗಡಿಗಳಲ್ಲಿ ಟ್ಯಾಲಿಗೊಂದು ಲ್ಯಾನ್, ಇಂಟರ್ನೆಟ್‌ಗೆ ಮೊಬೈಲ್‌ನ ಯುಎಸ್‌ಬಿ ಟೆದರಿಂಗ್. ಎಲ್ಲ ಕಡೆ ತಕರಾರು ಇದೇ.

ಈಗ ಒಳಗೆ ಏನಾಗುತ್ತಿದೆ ನೋಡೋಣ. ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಕನ್ನಡ ಕೀಬೋರ್ಡ್. ಕಮಾಂಡ್‌ಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ಕೇಬಲ್ ಹಾಕಿ, ವೈಫೈ ಆನ್ ಇಟ್ಟು, ಕಮಾಂಡ್ ಪ್ರಾಂಪ್ಟ್ ತೆರೆದು ರೂಟ್ ಪ್ರಿಂಟ್ (ರೂಟ್ ಅಂದರೆ ದಾರಿ ಎನ್ನುವ ಇಂಗ್ಲಿಷ್ ಪದ) ಎಂದು ಹೊಡೆಯಿರಿ. ಉದ್ದನೆಯ ಪಟ್ಟಿ ಬರುತ್ತದೆ, ಹೆದರಬೇಡಿ. ಐಪಿವಿ4 (ಇಂಟರ್ನೆಟ್ ವಿಳಾಸಗಳ ಹಳೇ ಪದ್ಧತಿ) ಭಾಗದಲ್ಲಿ ಡೆಸ್ಟಿನೇಷನ್ 0.0.0.0, ಮಾಸ್ಕ್ (ವಿಳಾಸದ ಎಷ್ಟು ಭಾಗ ಹೊಂದಬೇಕು ಎಂದು ಹೇಳುವ ಸಂಖ್ಯೆ) ಕೂಡ 0.0.0.0 ಇರುವ ಸಾಲು ಹುಡುಕಿ. ಅದೇ ಡೀಫಾಲ್ಟ್ ರೂಟ್, ಅಂದರೆ ಬೇರೆ ದಾರಿ ಬರೆದಿರದ ಎಲ್ಲದಕ್ಕೂ ಬಳಸುವ ದಾರಿ. ಅಂಥ ಸಾಲು ಒಂದೇ ಇರಬೇಕು. ನಿಮ್ಮಲ್ಲಿ ಎರಡು ಇರುತ್ತವೆ ಎಂದು ನನ್ನ ಅಂದಾಜು: ಒಂದರ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಹಳೇ ರೂಟರ್, ಅಂದರೆ 192.168.0.1 ಥರದ್ದು, ಇನ್ನೊಂದರದು ಫೈಬರ್ ರೂಟರ್, 192.168.1.1 ಥರದ್ದು.

ಗಬ್ಬೂರು ಕ್ರಾಸ್‌ನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಒಂದು ಬೋರ್ಡ್ ಮೇಲೆ ನೀವು ಹೋಗಬೇಕಾದ ಊರಿನ ಹೆಸರೇ ಇದ್ದರೆ ಆ ಕಡೆ ಹೋಗುತ್ತೀರಿ, ಗೊಂದಲ ಇಲ್ಲ. ಹೆಸರು ಇಲ್ಲದಿದ್ದರೆ "ಉಳಿದೆಲ್ಲ ಊರುಗಳಿಗೆ" ಎನ್ನುವ ಬೋರ್ಡ್ ನೋಡುತ್ತೀರಿ. ಅಂಥ ಬೋರ್ಡ್ ಎರಡಿದ್ದು, ಒಂದು ಆ ಕಡೆ, ಒಂದು ಈ ಕಡೆ ತೋರಿಸಿದರೆ? ವಿಂಡೋಸ್ ಆಗ ಸಾಲಿನ ಕೊನೆಯಲ್ಲಿರುವ ಮೆಟ್ರಿಕ್ ಎಂಬ ಸಂಖ್ಯೆ ನೋಡುತ್ತದೆ, ಕಡಿಮೆ ಇರುವ ಕಡೆ ಹೋಗುತ್ತದೆ. ಈ ಸಂಖ್ಯೆಯನ್ನು ಅದು ಲಿಂಕ್ ವೇಗ ನೋಡಿ ತಾನೇ ಹಾಕಿಕೊಳ್ಳುತ್ತದೆ. ವಿಂಡೋಸ್ 10, 11ರಲ್ಲಿ ಗಿಗಾಬಿಟ್ ಕೇಬಲ್‌ಗೆ 25, ಸಾಧಾರಣ ವೈಫೈಗೆ 35, 45, 50 ಹೀಗೆ. ಅಂದರೆ ಕೇಬಲ್ ಗೆಲ್ಲುತ್ತದೆ. ಆ ಕೇಬಲ್‌ನ ಆಚೆ ಇಂಟರ್ನೆಟ್ ಇದೆಯಾ ಇಲ್ಲವಾ ಎನ್ನುವುದನ್ನು ಮೆಟ್ರಿಕ್ ಹಾಕುವಾಗ ಯಾರೂ ಕೇಳುವುದೇ ಇಲ್ಲ. ಹಳೇ ರೂಟರ್‌ನ ಲೈಟ್ ಉರಿಯುತ್ತಿದ್ದು, ಅದು ಉತ್ತರ ಕೊಡುತ್ತಿದ್ದರೆ ವಿಂಡೋಸ್‌ಗೆ ಸಾಕು.

ಯೂಟ್ಯೂಬ್ ಯಾಕೆ ಓಡುತ್ತದೆ ಅಂದರೆ, ಅದು ಐಪಿವಿ6, ಅಂದರೆ ಹೊಸ ವಿಳಾಸ ಪದ್ಧತಿಯ ದಾರಿಯಲ್ಲಿ ಹೋಗುತ್ತಿದೆ. ನಿಮ್ಮ ಫೈಬರ್ ರೂಟರ್ ಐಪಿವಿ6 ಕೊಡುತ್ತಿರಬೇಕು, ಹಳೇ ರೂಟರ್ ಕೊಡುತ್ತಿಲ್ಲ. ಹಾಗಾಗಿ ಐಪಿವಿ6 ಪಟ್ಟಿಯಲ್ಲಿ ಡೀಫಾಲ್ಟ್ ರೂಟ್, ಅಂದರೆ ::/0 ಸಾಲು, ಒಂದೇ ಇದೆ, ಅದೂ ವೈಫೈ ಮೂಲಕ. ಗೂಗಲ್, ಯೂಟ್ಯೂಬ್, ಫೇಸ್‌ಬುಕ್ ಇವೆಲ್ಲ ಐಪಿವಿ6ನಲ್ಲಿ ಸಿಗುತ್ತವೆ, ಸರಾಗವಾಗಿ ತೆರೆಯುತ್ತವೆ. ಬರೀ ಐಪಿವಿ4 ಇರುವ ಸೈಟ್‌ಗಳು ಹಳೇ ರೂಟರ್ ಹತ್ತಿರ ಹೋಗಿ ಸಾಯುತ್ತವೆ. "ಕೆಲವು ಸೈಟ್ ತೆರೆಯುತ್ತವೆ, ಕೆಲವು ಇಲ್ಲ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಇದನ್ನೇ ಅನುಮಾನಿಸುತ್ತೇನೆ, ಜನ ಮಾತ್ರ ಬ್ರೌಸರ್ ಬದಲಿಸುತ್ತಾರೆ, ಆಂಟಿವೈರಸ್ ತೆಗೆಯುತ್ತಾರೆ. ಪರೀಕ್ಷೆ ಸುಲಭ. ಪಿಂಗ್ ಎಂದು ಹೊಡೆದು, ಜಾಗ ಬಿಟ್ಟು, ಹೈಫನ್ 4, ಆಮೇಲೆ ಗೂಗಲ್ ಡಾಟ್ ಕಾಮ್. ನಂತರ ಅದನ್ನೇ ಹೈಫನ್ 6 ಹಾಕಿ. ನಾಲ್ಕು ಸೋತು ಆರು ಗೆದ್ದರೆ ನಾನು ಹೇಳಿದ್ದು ಸರಿ.

ಇನ್ನೂ ಖಚಿತ ಬೇಕಾದರೆ ಟ್ರೇಸರ್ಟ್ (ಟಿ ಆರ್ ಎ ಸಿ ಇ ಆರ್ ಟಿ) ಹೊಡೆದು, ಹೈಫನ್ ಡಿ ಹಾಕಿ, 8.8.8.8 ಕೊಡಿ. ಮೊದಲ ಸಾಲಿನಲ್ಲಿ ಬರುವ ವಿಳಾಸ ಯಾವ ರೂಟರ್‌ನದು ನೋಡಿ. 192.168.0.1 ಬಂದರೆ ಪ್ಯಾಕೆಟ್ ತಪ್ಪು ಬಾಗಿಲಿನಿಂದ ಹೊರಗೆ ಹೋಗುತ್ತಿದೆ ಎಂದು ಅರ್ಥ.

ಇನ್ನು ರಿಪೇರಿ. ನೆಟ್‌ನಲ್ಲಿ ಹುಡುಕಿದರೆ ಹೆಚ್ಚಿನವರು "ಮೆಟ್ರಿಕ್ ಬದಲಿಸಿ" ಎನ್ನುತ್ತಾರೆ. ನಾನು ಅದನ್ನು ಎರಡನೇ ಉಪಾಯ ಎನ್ನುತ್ತೇನೆ. ಇಂಟರ್ನೆಟ್ ಇಲ್ಲದ ಕೇಬಲ್‌ಗೆ ಗೇಟ್‌ವೇ ಯಾಕೆ ಬೇಕು, ಅಲ್ವಾ? ತೆಗೆದೇ ಬಿಡಿ. ಹಳೇ ರೂಟರ್‌ನ ಸೆಟ್ಟಿಂಗ್‌ಗೆ ಹೋಗಿ ಡಿಎಚ್‌ಸಿಪಿ, ಅಂದರೆ ಕಂಪ್ಯೂಟರ್‌ಗಳಿಗೆ ವಿಳಾಸ, ಗೇಟ್‌ವೇ ತಾನೇ ಹಂಚುವುದನ್ನು, ಆಫ್ ಮಾಡಿ. ಆಮೇಲೆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ ಡಾಟ್ ಸಿಪಿಎಲ್ ಎಂದು ಹೊಡೆದರೆ ಅಡಾಪ್ಟರ್‌ಗಳ ಪಟ್ಟಿ ಬರುತ್ತದೆ. ಈಥರ್ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಲ್ಲಿ ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4. ಐಪಿ 192.168.0.50, ಮಾಸ್ಕ್ 255.255.255.0 ಎಂದು ಕೈಯಿಂದ ಕೊಡಿ. ಗೇಟ್‌ವೇ ಖಾಲಿ. ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಖಾಲಿ. ಮೆಷಿನ್ ಕಂಪ್ಯೂಟರ್‌ಗೂ ಅದೇ ಥರ, ಕೊನೆಯ ಸಂಖ್ಯೆ ಮಾತ್ರ ಬೇರೆ, 60 ಅಂತ ಇಟ್ಟುಕೊಳ್ಳಿ. ವೈಫೈ ಹಾಗೇ ಆಟೋಮ್ಯಾಟಿಕ್ ಇರಲಿ, ಅದನ್ನು ಮುಟ್ಟಬೇಡಿ.

ಡಿಎನ್‌ಎಸ್ ಖಾಲಿ ಬಿಡಲು ಕಾರಣ ಇದೆ. ವಿಂಡೋಸ್ 8ರಿಂದ ಈಚೆಗೆ ಹೆಸರು ಹುಡುಕುವಾಗ ಎಲ್ಲ ಅಡಾಪ್ಟರ್‌ಗಳ ಡಿಎನ್‌ಎಸ್ ಸರ್ವರ್‌ಗಳನ್ನೂ ಒಟ್ಟಿಗೆ ಕೇಳುತ್ತದೆ. ಕೆಲವು ರೂಟರ್‌ಗಳು ತಮಗೆ ಇಂಟರ್ನೆಟ್ ಸಿಗದಿದ್ದಾಗ ಯಾವ ಹೆಸರು ಕೇಳಿದರೂ ತಮ್ಮದೇ ಸೆಟಪ್ ಪುಟದ ವಿಳಾಸ ಕೊಡುತ್ತವೆ. ಆಗ ಬ್ಯಾಂಕ್ ಸೈಟ್ ಹೊಡೆದರೆ ರೂಟರ್‌ನ ಪಾಸ್‌ವರ್ಡ್ ಪುಟ ಬರುತ್ತದೆ, ವೈರಸ್ ಬಂತು ಎಂದು ಜನ ಗಾಬರಿಯಾಗುತ್ತಾರೆ.

ಇದರಲ್ಲಿ ಒಂದು ತೊಡಕಿದೆ, ಅದನ್ನು ಯಾರೂ ಹೇಳುವುದಿಲ್ಲ. ವಿಂಡೋಸ್ ಒಂದು ನೆಟ್‌ವರ್ಕ್ ಯಾವುದು ಎಂದು ಗುರುತು ಹಿಡಿಯುವುದು ಅದರ ಗೇಟ್‌ವೇ ನೋಡಿ. ಗೇಟ್‌ವೇ ಇಲ್ಲದಿದ್ದರೆ "ಅನ್‌ಐಡೆಂಟಿಫೈಡ್ ನೆಟ್‌ವರ್ಕ್" ಎನ್ನುತ್ತದೆ, ಪಬ್ಲಿಕ್ ಗುಂಪಿಗೆ ಹಾಕುತ್ತದೆ, ಫೈರ್‌ವಾಲ್ ಬಿಗಿ ಮಾಡುತ್ತದೆ. ನೀವು ಮೆಷಿನ್ ಕಂಪ್ಯೂಟರ್‌ನ ಫೋಲ್ಡರ್ ತೆರೆದು ಫೈಲ್ ಹಾಕುವವರಾದರೆ ನಿಮ್ಮ ಕಂಪ್ಯೂಟರ್‌ನಿಂದ ಅಡ್ಡಿ ಇಲ್ಲ, ಹೊರಗೆ ಹೋಗುವುದನ್ನು ಅದು ತಡೆಯುವುದಿಲ್ಲ. ಆದರೆ ಆ ಕಡೆಯ ಕಂಪ್ಯೂಟರ್‌ನಲ್ಲೂ ಗೇಟ್‌ವೇ ತೆಗೆದಿರುತ್ತೀರಲ್ಲ, ಅಲ್ಲಿಯ ಫೈರ್‌ವಾಲ್ ಒಳಗೆ ಬಿಡುವುದಿಲ್ಲ. ವಿಂಡೋಸ್ ಪ್ರೊ ಇದ್ದರೆ ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲಿ ನೆಟ್‌ವರ್ಕ್ ಲಿಸ್ಟ್ ಮ್ಯಾನೇಜರ್ ಪಾಲಿಸೀಸ್ ಎಂದು ಇದೆ, ಅಲ್ಲಿ ಅನ್‌ಐಡೆಂಟಿಫೈಡ್ ನೆಟ್‌ವರ್ಕ್‌ಗಳನ್ನು ಪ್ರೈವೇಟ್ ಮಾಡಿ. ಹೋಮ್ ಎಡಿಷನ್‌ನಲ್ಲಿ ಆ ಪಾಲಿಸಿ ಕಿಟಕಿ ಇಲ್ಲ. ಅಲ್ಲಿ ಫೈರ್‌ವಾಲ್‌ನ ಇನ್‌ಬೌಂಡ್ ರೂಲ್‌ಗಳಲ್ಲಿ ಫೈಲ್ ಶೇರಿಂಗ್ ರೂಲನ್ನು ಪಬ್ಲಿಕ್‌ಗೂ ಆನ್ ಮಾಡಿ, ಆದರೆ ಸ್ಕೋಪ್‌ನಲ್ಲಿ 192.168.0.50 ಒಂದನ್ನೇ ಬಿಡಿ.

ಇಷ್ಟು ರಗಳೆ ಬೇಡ ಎನಿಸಿದರೆ ಮಾತ್ರ ಮೆಟ್ರಿಕ್ ದಾರಿ. ಹಳೇ ರೂಟರ್‌ನ ಡಿಎಚ್‌ಸಿಪಿ ಇರಲಿ, ಈಥರ್ನೆಟ್‌ನ ಅದೇ ವರ್ಷನ್ 4 ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ, ಆಟೋಮ್ಯಾಟಿಕ್ ಮೆಟ್ರಿಕ್ ಟಿಕ್ ತೆಗೆದು 500 ಕೊಡಿ. ವೈಫೈ ತಾನೇ ಮುಂದೆ ಬರುತ್ತದೆ. ಕೆಲಸ ಆಗುತ್ತದೆ, ಆದರೆ ವೈಫೈ ಒಂದು ಕ್ಷಣ ಕಡಿದರೂ ಎಲ್ಲವೂ ಮತ್ತೆ ಸುಳ್ಳು ಗೇಟ್‌ವೇ ಕಡೆ ವಾಲುತ್ತದೆ. ಅದಕ್ಕೇ ನನಗೆ ಇಷ್ಟ ಇಲ್ಲ.

ಎರಡೂ ರೂಟರ್‌ಗಳ ವಿಳಾಸ ಒಂದೇ ಸರಣಿಯಲ್ಲಿದ್ದರೆ, ಎರಡೂ 192.168.1 ಎಂದು ಶುರುವಾದರೆ, ಮೇಲೆ ಹೇಳಿದ್ದು ಯಾವುದೂ ನಡೆಯುವುದಿಲ್ಲ. ಮೆಷಿನ್ ಯಾವ ಕಡೆ ಇದೆ ಎಂದು ವಿಂಡೋಸ್‌ಗೆ ಹೇಗೆ ಗೊತ್ತಾಗಬೇಕು? ಇದು ಸಿಸಿಟಿವಿ ಇರುವ ಕಡೆ ಜಾಸ್ತಿ, ಯಾಕೆಂದರೆ ಹಿಕ್‌ವಿಷನ್ ಕ್ಯಾಮೆರಾ ಫ್ಯಾಕ್ಟರಿಯಿಂದ 192.168.1.64 ಎಂದೂ, ದಹುವಾದ್ದು 192.168.1.108 ಎಂದೂ ಬರುತ್ತವೆ, ಬಹಳಷ್ಟು ರೂಟರ್‌ಗಳೂ ಅದೇ ಸರಣಿಯಲ್ಲಿರುತ್ತವೆ. ಹಾಗಿದ್ದರೆ ಮೆಷಿನ್ ಕಡೆಯದನ್ನು ಮೊದಲು 192.168.77 ಥರ ಯಾರೂ ಬಳಸದ ಸರಣಿಗೆ ಬದಲಿಸಿ, ಆಮೇಲೆ ಉಳಿದದ್ದು.

"ಎರಡನ್ನೂ ಸೇರಿಸಿ ಒಂದೇ ನೆಟ್‌ವರ್ಕ್ ಮಾಡಿಬಿಡಲಾ" ಎಂದೂ ಕೇಳಿದ್ದೀರಿ. ಬೇಡ. ನಿಮ್ಮ ಮೆಷಿನ್ ಕಂಪ್ಯೂಟರ್‌ನಲ್ಲಿ ಇನ್ನೂ ವಿಂಡೋಸ್ 7 ಇದೆ, ಅದರ ಸಪೋರ್ಟ್ 2020ರ ಜನವರಿ 14ಕ್ಕೇ ಮುಗಿದಿದೆ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಫೈಲ್ ಶೇರಿಂಗ್‌ನ ಹಳೇ ತೂತಿನಿಂದಲೇ, ಅದರಲ್ಲಿ ಬಿದ್ದವುಗಳಲ್ಲಿ ವಿಂಡೋಸ್ 7 ಬಹಳ. ಮೆಷಿನ್ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಓಡದು ಎನ್ನುವುದು ಗೊತ್ತು, ಹಾಗಾದರೆ ಅದು ಇಂಟರ್ನೆಟ್ ಮುಖ ನೋಡದೇ ಇರಲಿ. ಅದೇ ಕಾರಣಕ್ಕೆ ಅಡಾಪ್ಟರ್ ಪಟ್ಟಿಯಲ್ಲಿ ಬ್ರಿಜ್ ಕನೆಕ್ಷನ್ಸ್ ಒತ್ತಬೇಡಿ, ಇಂಟರ್ನೆಟ್ ಶೇರಿಂಗ್ ಆನ್ ಮಾಡಬೇಡಿ. ಈಥರ್ನೆಟ್‌ನ ಐಪಿ 192.168.137.1 ಎಂದು ಕಂಡರೆ ಯಾರೋ ಈಗಾಗಲೇ ಶೇರಿಂಗ್ ಆನ್ ಮಾಡಿದ್ದಾರೆ ಎಂದು ತಿಳಿಯಿರಿ, ತೆಗೆಯಿರಿ.

ನಿಮ್ಮ ಅಕೌಂಟೆಂಟ್ ಇದೇ ಕಂಪ್ಯೂಟರ್‌ನಲ್ಲಿ ವಿಪಿಎನ್ (ಇಂಟರ್ನೆಟ್ ಮೂಲಕ ಬೇರೆ ನೆಟ್‌ವರ್ಕ್‌ಗೆ ಹೋಗುವ ಗುಪ್ತ ದಾರಿ) ಬಳಸುತ್ತಾರೆ ಎಂದಿದ್ದೀರಲ್ಲ, ಅದನ್ನೂ ಒಮ್ಮೆ ನೋಡಿ. ರೂಟ್ ಪ್ರಿಂಟ್‌ನಲ್ಲಿ 0.0.0.0 ಮತ್ತು 128.0.0.0 ಎಂಬ ಎರಡು ಸಾಲು, ಎರಡಕ್ಕೂ ಮಾಸ್ಕ್ 128.0.0.0 ಎಂದು ಇದ್ದರೆ ಅದು ಓಪನ್‌ವಿಪಿಎನ್ ಥರದ ಸಾಫ್ಟ್‌ವೇರ್ ಹಾಕಿದ್ದು. ಇಡೀ ಇಂಟರ್ನೆಟ್ಟನ್ನು ಅರ್ಧರ್ಧ ಹೋಳು ಮಾಡಿ ಹೇಳುವ ಉಪಾಯ ಅದು. ಹೆಚ್ಚು ನಿಖರವಾದ ಸಾಲು ಯಾವಾಗಲೂ ಗೆಲ್ಲುತ್ತದೆ, ಮೆಟ್ರಿಕ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವಿಪಿಎನ್ ಮುಚ್ಚಿದ ಮೇಲೂ ಆ ಸಾಲುಗಳು ಉಳಿದಿದ್ದರೆ ರೀಸ್ಟಾರ್ಟ್ ಮಾಡಿ. ವರ್ಚುವಲ್‌ಬಾಕ್ಸ್‌ನ 192.168.56.1 ಅಡಾಪ್ಟರ್ ಕಂಡರೆ ಬಿಟ್ಟುಬಿಡಿ, ಅದಕ್ಕೆ ಗೇಟ್‌ವೇನೇ ಇಲ್ಲ.

ಮುಂದೆ ಮೆಷಿನ್ ಕಡೆ ಇನ್ನೊಂದು ಸರಣಿ ಬಂದರೆ, ಉದಾಹರಣೆಗೆ ಬೆಟಗೇರಿಯ ಗೋಡೌನ್‌ಗೆ ಲಿಂಕ್ ಎಳೆದು ಅಲ್ಲಿ 192.168.20 ಇಟ್ಟರೆ, ಆಗಲೂ ಗೇಟ್‌ವೇ ತುಂಬಬೇಡಿ. ಆ ಒಂದು ಸರಣಿಗೆ ಮಾತ್ರ ದಾರಿ ಬರೆಯಿರಿ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ: ರೂಟ್, ಹೈಫನ್ ಪಿ, ಆ್ಯಡ್, 192.168.20.0, ಮಾಸ್ಕ್, 255.255.255.0, ಕೊನೆಗೆ ನಿಮ್ಮ ಕಡೆ ಆ ಲಿಂಕ್ ಕೂರಿಸಿದ ರೂಟರ್‌ನ ವಿಳಾಸ. ಹೈಫನ್ ಪಿ ಮರೆತರೆ ಕರೆಂಟ್ ಹೋಗಿ ಬಂದ ಮೇಲೆ ಆ ಸಾಲು ಇರುವುದಿಲ್ಲ, ಮರುದಿನ ಬೆಳಿಗ್ಗೆ ಎಲ್ಲರೂ ಕೇಬಲ್ ಅಲುಗಾಡಿಸುತ್ತಾ ಕೂರುತ್ತಾರೆ.

ಒಂದು ಸಾಧ್ಯತೆ ಬಿಟ್ಟಿದ್ದೆ: ಡಿಸೈನ್ ಕಂಪ್ಯೂಟರ್ ಲ್ಯಾಪ್‌ಟಾಪ್ ಆಗಿದ್ದು, ಕೇಬಲ್ ಹಾಕಿದ ಕೂಡಲೇ ವೈಫೈ ಸಂಪರ್ಕವೇ ಕಡಿದುಹೋಗುತ್ತಿದ್ದರೆ ಇದು ರೂಟಿಂಗ್ ತಕರಾರು ಅಲ್ಲ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಕೇಬಲ್ ಬಂದರೆ ವೈಫೈ ಆಫ್ ಮಾಡುವ ಸೆಟ್ಟಿಂಗ್ ಇರುತ್ತದೆ, ಲ್ಯಾನ್ ವೈಫೈ ಸ್ವಿಚಿಂಗ್ ಎನ್ನುವಂಥ ಹೆಸರಿನಲ್ಲಿ. ಅದನ್ನು ಆಫ್ ಮಾಡಿದರೆ ಸಾಕು. ಆದರೆ ಯೂಟ್ಯೂಬ್ ಓಡುತ್ತಿದೆ ಎಂದಿದ್ದೀರಿ, ಹಾಗಾಗಿ ನಿಮ್ಮದು ಇದಲ್ಲ.

ಗೇಟ್‌ವೇ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ರೂಟ್ ಪ್ರಿಂಟ್ ಹೊಡೆಯಿರಿ. 0.0.0.0 ಸಾಲು ಒಂದೇ ಉಳಿದಿರಬೇಕು. ಆಮೇಲೂ ಆಗದಿದ್ದರೆ ಆ ಪಟ್ಟಿಯ ಐಪಿವಿ4 ಭಾಗ ಪೂರ್ತಿ ಇಲ್ಲಿ ಹಾಕಿ, ಫೋಟೋ ಆದರೂ ನಡೆಯುತ್ತದೆ, ಮೆಟ್ರಿಕ್ ಕಾಲಂ ಕತ್ತರಿಸದೆ.